ಹೊದಿಕೆ ಸರಿಸಿ ಕಾಲು ನೋಡಿ: ವೈರಲ್ ಜ್ವರದಿಂದ ಐಸಿಯು ಸೇರಿದವರಲ್ಲಿ ರಕ್ತ ಹೆಪ್ಪುಗಟ್ಟಿದರೆ ಮನೆಯವರು ಏನು ಮಾಡಬೇಕು

ಐಸಿಯು ಬಾಗಿಲು ತೆರೆದು ಒಳಗೆ ಬಂದ ಕೂಡಲೇ ಪೇಷೆಂಟ್ ಕಡೆಯವರ ಕಣ್ಣು ಹೋಗುವುದು ಮಾನಿಟರ್ ಕಡೆಗೆ. ಆಕ್ಸಿಜನ್ ಎಷ್ಟಿದೆ, ಬಿಪಿ ಎಷ್ಟಿದೆ, ಗೆರೆ ಸರಿಯಾಗಿ ಓಡುತ್ತಿದೆಯಾ. ಆಮೇಲೆ ಮುಖ ನೋಡುತ್ತಾರೆ, ಕೈ ಹಿಡಿಯುತ್ತಾರೆ, ಕಣ್ಣೊರೆಸಿಕೊಳ್ಳುತ್ತಾರೆ. ಅಷ್ಟರಲ್ಲಿ ಟೈಮ್ ಮುಗಿಯಿತು ಅಂತ ಸೆಕ್ಯೂರಿಟಿಯವರು ಕರೆಯುತ್ತಾರೆ. ಹೊದಿಕೆ ಸರಿಸಿ ಕಾಲು ನೋಡುವವರು ಬಹಳ ಕಡಿಮೆ.

ನಾನು ಹಾಸನದಲ್ಲಿ ಐಸಿಯು ಸ್ಟಾಫ್ ನರ್ಸ್. 11 ವರ್ಷದಿಂದ ಇದೇ ಕೆಲಸ. ಮಳೆಗಾಲ ಶುರುವಾದರೆ ಸಕಲೇಶಪುರ, ಆಲೂರು, ಬೇಲೂರು, ಮೂಡಿಗೆರೆ ಕಡೆಯಿಂದ ಜ್ವರದ ಕೇಸುಗಳು ಬರುತ್ತವೆ. ಕೆಲವರಿಗೆ ಫ್ಲೂ ನ್ಯುಮೋನಿಯಾಕ್ಕೆ ತಿರುಗಿರುತ್ತದೆ, ಕೆಲವರಿಗೆ ಡೆಂಗಿ. ಕೋವಿಡ್ ಸಮಯದಲ್ಲಂತೂ ಹಾಸಿಗೆ ಖಾಲಿಯಾಗುತ್ತಲೇ ಇರಲಿಲ್ಲ. ಜ್ವರ ಇಳಿದು, ಉಸಿರಾಟ ಸುಧಾರಿಸಿ, ಇನ್ನೇನು ವಾರ್ಡಿಗೆ ಕಳಿಸಬೇಕು ಅನ್ನುವಾಗ ಕಾಲಿನಲ್ಲಿ ಕಟ್ಟಿದ ರಕ್ತದ ಗಡ್ಡೆಯೊಂದು ಶ್ವಾಸಕೋಶಕ್ಕೆ ಹೋಗಿ ಎಲ್ಲವನ್ನೂ ಬುಡಮೇಲು ಮಾಡಿದ್ದನ್ನು ನಾನು ನೋಡಿದ್ದೇನೆ. ನಮ್ಮ ಮನೆಯಲ್ಲೂ ಆಗಿದೆ. ಅದನ್ನು ಮುಂದೆ ಹೇಳುತ್ತೇನೆ.

ಔಷಧ ಯಾವುದು, ಡೋಸ್ ಎಷ್ಟು ಎಂಬುದೆಲ್ಲ ಡಾಕ್ಟರ ತೀರ್ಮಾನ. ಆದರೆ ನೋಡುವುದು, ಕೇಳುವುದು, ಬರೆದಿಡುವುದು ನಿಮ್ಮ ಕೈಯಲ್ಲೇ ಇದೆ. ಈ ಲೇಖನ ಅದಕ್ಕೆ.

ಹೆಪ್ಪು ಯಾಕೆ ಕಟ್ಟುತ್ತದೆ

ಗಾಯವಾದಾಗ ರಕ್ತ ಹೆಪ್ಪುಗಟ್ಟಲೇಬೇಕು. ಇಲ್ಲದಿದ್ದರೆ ಕತ್ತಿ ತಾಗಿದ ಬೆರಳಿನಿಂದ ರಕ್ತ ಸೋರುತ್ತಲೇ ಇರುತ್ತದೆ. ತೊಂದರೆ ಬರುವುದು ಗಾಯವೇ ಇಲ್ಲದ ಕಡೆ, ನಾಳದ ಒಳಗೇ ಹೆಪ್ಪುಗಟ್ಟಿದಾಗ. ಜರ್ಮನಿಯ ವೈದ್ಯ ರುಡಾಲ್ಫ್ ವಿರ್ಚೋ 19ನೇ ಶತಮಾನದಲ್ಲಿ ಈ ಬಗ್ಗೆ ಬಹಳ ಕೆಲಸ ಮಾಡಿದ. ಅವನ ಹೆಸರಿನಲ್ಲಿ ಇವತ್ತಿಗೂ ಮೂರು ಕಾರಣ ಹೇಳುತ್ತಾರೆ: ರಕ್ತದ ಓಟ ನಿಧಾನವಾಗುವುದು, ನಾಳದ ಒಳಗೋಡೆಗೆ ಪೆಟ್ಟಾಗುವುದು, ರಕ್ತವೇ ಬೇಗ ಗಟ್ಟಿಯಾಗುವ ಗುಣ ಪಡೆಯುವುದು. ಅವನು ಹುಟ್ಟಿದ ಅಕ್ಟೋಬರ್ 13ನ್ನೇ ಈಗ ವಿಶ್ವ ಥ್ರಾಂಬೋಸಿಸ್ (ನಾಳದೊಳಗೆ ರಕ್ತ ಹೆಪ್ಪುಗಟ್ಟುವುದು) ದಿನ ಅಂತ ಆಚರಿಸುತ್ತಾರೆ.

ಹಾಲಿಗೆ ಹೆಪ್ಪು ಹಾಕುವುದನ್ನು ನೆನೆಸಿಕೊಳ್ಳಿ. ಬೆಚ್ಚಗಿರಬೇಕು, ಅಲುಗಾಡಬಾರದು, ಹೆಪ್ಪು ಬಿದ್ದಿರಬೇಕು. ಅಡುಗೆಮನೆಗೂ ರಕ್ತನಾಳಕ್ಕೂ ಪೂರ್ತಿ ಹೋಲಿಕೆ ಇಲ್ಲ, ಆದರೆ ಅಲುಗಾಡದೆ ಇಟ್ಟರೆ ಗಟ್ಟಿಯಾಗುತ್ತದೆ ಎಂಬುದನ್ನು ಮಾತ್ರ ಮರೆಯಬೇಡಿ. ನಡೆಯುವಾಗ ಮೀನಖಂಡದ ಸ್ನಾಯು ಹಿಂಡಿ ಹಿಂಡಿ ರಕ್ತವನ್ನು ಮೇಲಕ್ಕೆ ತಳ್ಳುತ್ತದೆ. ವೆಂಟಿಲೇಟರ್ ಹಾಕಿ, ನಿದ್ದೆ ಬರುವ ಔಷಧ ಕೊಟ್ಟು ಮಲಗಿಸಿದವರ ಮೀನಖಂಡ ದಿನಗಟ್ಟಲೆ ಕೆಲಸ ಮಾಡುವುದಿಲ್ಲ.

ಇದರ ಮೇಲೆ ವೈರಸ್. ಕೋವಿಡ್, ಫ್ಲೂ ಜೋರಾದಾಗ ಮೈತುಂಬಾ ಉರಿಯೂತ ಹಬ್ಬುತ್ತದೆ. ನಾಳದ ಒಳಗೋಡೆ ಊದಿಕೊಳ್ಳುತ್ತದೆ. ರಕ್ತ ಗಟ್ಟಿಯಾಗಲು ಬೇಕಾದ ಪ್ರೋಟೀನುಗಳನ್ನು ಲಿವರ್ ಜಾಸ್ತಿ ತಯಾರಿಸುತ್ತದೆ. ಪ್ಲೇಟ್‌ಲೆಟ್‌ಗಳು (ರಕ್ತ ಹೆಪ್ಪುಗಟ್ಟಲು ನೆರವಾಗುವ ಕಣಗಳು) ಒಂದಕ್ಕೊಂದು ಅಂಟಿಕೊಳ್ಳಲು ತಯಾರಾಗುತ್ತವೆ. ಜೊತೆಗೆ ಕುತ್ತಿಗೆಗೋ ತೊಡೆಸಂದಿಗೋ ಹಾಕಿದ ಸೆಂಟ್ರಲ್ ಲೈನ್ (ದೊಡ್ಡ ರಕ್ತನಾಳದೊಳಗೆ ಇಡುವ ಕೊಳವೆ) ನಾಳದ ಗೋಡೆಯನ್ನು ಉಜ್ಜುತ್ತಿರುತ್ತದೆ. ಅಲ್ಲಿಗೆ ಮೂರೂ ಕಾರಣ ಸೇರಿದ ಹಾಗಾಯಿತು.

2009ರ ಎಚ್1ಎನ್1 (ಹಂದಿಜ್ವರ) ಕಾಲದಲ್ಲೇ ಡಾಕ್ಟರುಗಳು ಇದನ್ನು ಗಮನಿಸಿದ್ದರು. ಕೋವಿಡ್ ಬಂದ ಮೇಲೆ ಜಗತ್ತಿಗೆಲ್ಲ ಗೊತ್ತಾಯಿತು. 2020ರಲ್ಲಿ ನೆದರ್‌ಲೆಂಡ್ಸ್‌ನ ಆಸ್ಪತ್ರೆಗಳಲ್ಲಿ ಐಸಿಯು ಸೇರಿದ 184 ಕೋವಿಡ್ ರೋಗಿಗಳನ್ನು ನೋಡಿದಾಗ ಸುಮಾರು 31% ಜನರಲ್ಲಿ ಹೆಪ್ಪುಗಟ್ಟುವ ತೊಂದರೆ ಕಂಡಿತು. ಅವರೆಲ್ಲರಿಗೂ ಅದನ್ನು ತಡೆಯುವ ಔಷಧ ಕೊಡುತ್ತಿದ್ದರು, ಆದರೂ ಆಯಿತು. ಇಂಜೆಕ್ಷನ್ ಕೊಡುತ್ತಿದ್ದಾರಲ್ಲ, ಇನ್ನೇನು ಭಯ ಅಂತ ಸುಮ್ನೆ ಕೂರಬೇಡಿ ಅಂತ ನಾನು ಹೇಳುವುದು ಇದಕ್ಕೇ.

ಅಡ್ಮಿಟ್ ಆದ ದಿನ ನೀವಾಗಿಯೇ ಹೇಳಬೇಕಾದದ್ದು

ಅವಸರದಲ್ಲಿ ಡ್ಯೂಟಿ ಡಾಕ್ಟರ್ ಶುಗರ್, ಬಿಪಿ ಕೇಳುತ್ತಾರೆ. ಹಳೆಯ ಕಥೆ ಎಷ್ಟೋ ಸಲ ತಪ್ಪಿಹೋಗುತ್ತದೆ. ಇವುಗಳಲ್ಲಿ ಯಾವುದಿದ್ದರೂ ಕೇಳುವವರೆಗೆ ಕಾಯದೆ ಹೇಳಿ:

ಹಿಂದೆ ಯಾವತ್ತಾದರೂ ಕಾಲಿನಲ್ಲೋ ಶ್ವಾಸಕೋಶದಲ್ಲೋ ಕ್ಲಾಟ್ (ರಕ್ತದ ಗಡ್ಡೆ) ಆಗಿತ್ತಾ. ಮನೆಯಲ್ಲಿ ಅಪ್ಪ, ಅಮ್ಮ, ಒಡಹುಟ್ಟಿದವರಿಗೆ ಆಗಿತ್ತಾ. ಕ್ಯಾನ್ಸರ್ ಚಿಕಿತ್ಸೆ ನಡೆದಿದೆಯಾ. ಇತ್ತೀಚೆಗೆ ಆಪರೇಷನ್ ಆಗಿದೆಯಾ, ಮೂಳೆ ಮುರಿದು ಪಟ್ಟು ಹಾಕಿಸಿದ್ದಾರಾ. ಹೆಂಗಸರಾದರೆ ಗರ್ಭಿಣಿಯಾ, ಹೆರಿಗೆಯಾಗಿ ಆರು ವಾರದೊಳಗಾ, ಗರ್ಭನಿರೋಧಕ ಮಾತ್ರೆ ತೆಗೆದುಕೊಳ್ಳುತ್ತಿದ್ದಾರಾ. ಕೊನೆಯದನ್ನು ಗಂಡಸರ ಮುಂದೆ ಹೇಳಲು ಎಷ್ಟೋ ಜನ ಸಂಕೋಚ ಪಡುತ್ತಾರೆ. ಸಿಸ್ಟರನ್ನು ಪಕ್ಕಕ್ಕೆ ಕರೆದು ಹೇಳಿ. ನಾವು ಕೇಸ್ ಶೀಟಿನಲ್ಲಿ ಬರೆಯುತ್ತೇವೆ.

ರಕ್ತಸ್ರಾವದ ಕಥೆಯನ್ನೂ ಮರೆಯಬೇಡಿ. ಹೊಟ್ಟೆಹುಣ್ಣಿನಿಂದ ಕಪ್ಪು ಮಲ ಹೋಗಿತ್ತಾ, ಮಿದುಳಿನಲ್ಲಿ ರಕ್ತಸ್ರಾವ ಆಗಿತ್ತಾ, ಕಿಡ್ನಿ ತೊಂದರೆ ಇದೆಯಾ. ಎದೆನೋವಿಗೆ ಅಂತ ದಿನಾ ಆಸ್ಪಿರಿನ್ ಅಥವಾ ಕ್ಲೋಪಿಡೋಗ್ರೆಲ್ ನುಂಗುತ್ತಿದ್ದರೆ ಆ ಮಾತ್ರೆಯ ಸ್ಟ್ರಿಪ್ಪನ್ನೇ ತಂದುಕೊಡಿ. ಹೆಸರು ನೆನಪಿಲ್ಲದಿದ್ದರೆ ಪರವಾಗಿಲ್ಲ, ಖಾಲಿ ಸ್ಟ್ರಿಪ್ಪಾದರೂ ಸಾಕು.

ರೌಂಡ್ಸ್ ಮುಗಿದ ಮೇಲೆ ಕೇಳಬೇಕಾದ ಪ್ರಶ್ನೆ

ಪ್ರಶ್ನೆ ಒಂದೇ. "ಡಾಕ್ಟ್ರೇ, ರಕ್ತ ಹೆಪ್ಪುಗಟ್ಟದ ಹಾಗೆ ಏನು ಕೊಡ್ತಾ ಇದ್ದೀರಾ?" ಇಷ್ಟು ಕೇಳಿದರೆ ಯಾವ ಡಾಕ್ಟರೂ ಬೇಸರ ಮಾಡಿಕೊಳ್ಳುವುದಿಲ್ಲ. ಬೇಸರ ಮಾಡಿಕೊಂಡರೂ ಕೇಳಿ.

ಸಾಮಾನ್ಯವಾಗಿ ಸಿಗುವ ಉತ್ತರ ಹೆಪಾರಿನ್ ಅಥವಾ ಎನೋಕ್ಸಪರಿನ್. ಹೊಕ್ಕುಳಿನಿಂದ ಸ್ವಲ್ಪ ದೂರದಲ್ಲಿ, ಹೊಟ್ಟೆಯ ಚರ್ಮದಡಿ ಚುಚ್ಚುವ ಸಣ್ಣ ಇಂಜೆಕ್ಷನ್. ಎನೋಕ್ಸಪರಿನ್ ಆದರೆ ಬಹಳಷ್ಟು ಜನರಿಗೆ ದಿನಕ್ಕೆ ಒಂದು ಸಲ 40 ಮಿಲಿಗ್ರಾಂ. ಹೆಪಾರಿನ್ ಆದರೆ 5,000 ಯೂನಿಟ್, ದಿನಕ್ಕೆ ಎರಡು ಅಥವಾ ಮೂರು ಸಲ. ತೂಕ ಜಾಸ್ತಿ ಇದ್ದರೆ, ಕಿಡ್ನಿ ಸರಿ ಇಲ್ಲದಿದ್ದರೆ ಲೆಕ್ಕ ಬದಲಾಗುತ್ತದೆ. ಚುಚ್ಚಿದ ಕಡೆ ನಾಲ್ಕಾಣೆ ಅಗಲದ ನೀಲಿ ಕಲೆ ಕಾಣಿಸಿಕೊಳ್ಳುವುದುಂಟು. ಹೊಡೆದಿದ್ದಾರಾ, ಬೀಳಿಸಿದ್ದಾರಾ ಅಂತ ಗಾಬರಿಯಾಗಿ ನಮ್ಮ ಮೇಲೆ ಕೂಗಾಡಿದವರಿದ್ದಾರೆ. ಅದು ಸೂಜಿಯ ಕಲೆ. ತಿಕ್ಕಬೇಡಿ, ತಿಕ್ಕಿದರೆ ಇನ್ನೂ ಹರಡುತ್ತದೆ.

"ದುಡ್ಡು ಎಷ್ಟಾದರೂ ಆಗಲಿ, ಜಾಸ್ತಿ ಡೋಸ್ ಕೊಡಿ" ಅಂತ ಕೇಳುವವರೂ ಇದ್ದಾರೆ. ಪ್ರೀತಿಯಿಂದ ಕೇಳುವ ಮಾತು, ನನಗೆ ಅರ್ಥವಾಗುತ್ತದೆ. ಆದರೆ ಹಲವು ದೇಶಗಳ ಡಾಕ್ಟರುಗಳು ಸೇರಿ ಐಸಿಯುನಲ್ಲಿದ್ದ ಸುಮಾರು 1,100 ಕೋವಿಡ್ ರೋಗಿಗಳ ಮೇಲೆ ಇದನ್ನೇ ಪರೀಕ್ಷೆ ಮಾಡಿದರು. 2021ರಲ್ಲಿ ಫಲಿತಾಂಶ ಬಂತು. ಚಿಕಿತ್ಸೆಯ ಪೂರ್ತಿ ಡೋಸ್ ಪಡೆದವರು ಮಾಮೂಲಿ ಡೋಸಿನವರಿಗಿಂತ ಚೆನ್ನಾಗೇನೂ ಆಗಲಿಲ್ಲ. ದೊಡ್ಡ ರಕ್ತಸ್ರಾವ ಮಾತ್ರ ಸ್ವಲ್ಪ ಜಾಸ್ತಿಯೇ ಆಯಿತು, 2.3% ಇದ್ದದ್ದು 3.8%. ಅದಕ್ಕೇ ಕ್ಲಾಟ್ ಇದೆ ಅಂತ ಗೊತ್ತಾಗುವವರೆಗೆ ಡಾಕ್ಟರುಗಳು ಡೋಸ್ ಏರಿಸಲು ಹಿಂಜರಿಯುತ್ತಾರೆ.

ಇನ್ನು ನಮ್ಮ ಕಡೆಗೆ ಬಹಳ ಮುಖ್ಯವಾದ ಮಾತು. ವೈರಲ್ ಜ್ವರ ಅಂದರೆ ಎಲ್ಲವೂ ಒಂದೇ ಅಲ್ಲ. ಕೋವಿಡ್, ಫ್ಲೂ ರಕ್ತವನ್ನು ಹೆಪ್ಪಿನ ಕಡೆ ತಳ್ಳಿದರೆ, ಡೆಂಗಿ ಮತ್ತು ಮಂಗನ ಕಾಯಿಲೆ ರಕ್ತಸ್ರಾವದ ಕಡೆ ಎಳೆಯುತ್ತವೆ. ಮಂಗನ ಕಾಯಿಲೆ 1957ರಲ್ಲಿ ಶಿವಮೊಗ್ಗ ಜಿಲ್ಲೆಯ ಕ್ಯಾಸನೂರು ಕಾಡಿನಲ್ಲಿ ಮೊದಲು ಗೊತ್ತಾದದ್ದು. ಈಗ ಚಿಕ್ಕಮಗಳೂರು ಜಿಲ್ಲೆಯ ಕೊಪ್ಪ, ನರಸಿಂಹರಾಜಪುರ, ಶೃಂಗೇರಿ ಕಡೆಯೂ ಇದೆ. ಉಣುಗು ಕಚ್ಚಿ ಬರುವ ಕಾಯಿಲೆ. ಹೆಚ್ಚಾಗಿ ಡಿಸೆಂಬರ್‌ನಿಂದ ಮೇ ತಿಂಗಳವರೆಗೆ. ಕಾಫಿ ಕೊಯ್ಲಿನ ದಿನಗಳೂ ಇದರಲ್ಲೇ ಬರುತ್ತವಲ್ಲ. ತೋಟದಲ್ಲಿ ಕೆಲಸ ಮಾಡಿದವರು, ಕಾಡಿಗೆ ಸೌದೆ ಸೊಪ್ಪಿಗೆ ಹೋದವರು, ಹತ್ತಿರದಲ್ಲಿ ಮಂಗ ಸತ್ತದ್ದನ್ನು ನೋಡಿದವರು ಅದನ್ನು ಡಾಕ್ಟರಿಗೆ ಹೇಳಲೇಬೇಕು.

ಯಾಕೆಂದರೆ ಪ್ಲೇಟ್‌ಲೆಟ್ 50,000ಕ್ಕಿಂತ ಕೆಳಗೆ ಹೋದರೆ ಹೆಪಾರಿನ್ ವಿಷಯದಲ್ಲಿ ಡಾಕ್ಟರುಗಳು ಬಹಳ ಎಚ್ಚರ ಮಾಡುತ್ತಾರೆ. ಇನ್ನೂ ಇಳಿದರೆ ನಿಲ್ಲಿಸುತ್ತಾರೆ. "ಪಕ್ಕದ ಬೆಡ್ಡಿನವರಿಗೆ ಕೊಡ್ತಾರೆ, ನಮ್ಮಪ್ಪನಿಗೆ ಯಾಕಿಲ್ಲ?" ಅಂದರೆ ಕಾರಣ ಇದಿರಬಹುದು. ಇಂಜೆಕ್ಷನ್ ಇಲ್ಲ ಅಂದರೆ ಎರಡನೇ ಪ್ರಶ್ನೆ ಕೇಳಿ: "ಹಾಗಾದ್ರೆ ಡಿವಿಟಿ ಪಂಪ್ ಹಾಕಬಹುದಾ? ಇಂಜೆಕ್ಷನ್ ಮತ್ತೆ ಯಾವಾಗ ಶುರು ಮಾಡ್ತೀರಾ?" ಡಿವಿಟಿ ಅಂದರೆ ಕಾಲಿನ ಒಳನಾಳದಲ್ಲಿ ರಕ್ತ ಹೆಪ್ಪುಗಟ್ಟುವುದು. ಅದನ್ನು ತಡೆಯಲು ಕಾಲನ್ನು ಗಾಳಿಯಿಂದ ಬಿಗಿದು ಬಿಡುವ ಯಂತ್ರವೇ ಈ ಪಂಪ್. ಪ್ಲೇಟ್‌ಲೆಟ್ ಏರಿದ ಮೇಲೂ ಶುರು ಮಾಡುವುದು ಮರೆತುಹೋಗಬಾರದು.

ಇದೇ ಜಾಗದಲ್ಲಿ ಇನ್ನೊಂದು. ಹೆಪಾರಿನ್ ಶುರು ಮಾಡಿ 5ರಿಂದ 10 ದಿನದೊಳಗೆ ಪ್ಲೇಟ್‌ಲೆಟ್ ಅರ್ಧಕ್ಕಿಂತ ಕೆಳಗೆ ಬಿದ್ದರೆ, ಅಪರೂಪಕ್ಕೆ ಹೆಪಾರಿನ್ನೇ ಕಾರಣವಾಗಿರುತ್ತದೆ. ಆಗ ವಿಚಿತ್ರ ಏನೆಂದರೆ, ಪ್ಲೇಟ್‌ಲೆಟ್ ಕಡಿಮೆಯಾದರೂ ಹೆಪ್ಪುಗಟ್ಟುವುದು ಜಾಸ್ತಿಯಾಗುತ್ತದೆ. ದಿನಾ ಬರುವ ಪ್ಲೇಟ್‌ಲೆಟ್ ಲೆಕ್ಕವನ್ನು ಒಂದು ನೋಟ್‌ಬುಕ್‌ನಲ್ಲಿ ತಾರೀಖು ಹಾಕಿ ಬರೆದಿಡಿ. ಇಳಿಜಾರು ಕಂಡರೆ ತೋರಿಸಿ.

ಕಾಲು ನೋಡುವ ಕ್ರಮ

ಮೊದಲು ಸಿಸ್ಟರನ್ನು ಕೇಳಿ, ಕೈ ತೊಳೆದುಕೊಳ್ಳಿ. ಆಮೇಲೆ ಮಂಡಿ ತನಕ ಹೊದಿಕೆ ಸರಿಸಿ ಎರಡೂ ಕಾಲನ್ನು ಒಟ್ಟಿಗೆ ನೋಡಿ. ಒಂದನ್ನೇ ನೋಡಿದರೆ ಏನೂ ಗೊತ್ತಾಗುವುದಿಲ್ಲ. ಎರಡೂ ಕಾಲು ಸಮ ಊದಿದ್ದರೆ ಹೆಚ್ಚಾಗಿ ಗ್ಲೂಕೋಸ್ ಡ್ರಿಪ್, ಹೃದಯ, ಕಿಡ್ನಿಯ ಲೆಕ್ಕ. ಒಂದೇ ಕಾಲು ಊದಿದ್ದರೆ ಅನುಮಾನ ಪಡಬೇಕು. ಎರಡೂ ಕಾಲಿನಲ್ಲಿ ಕ್ಲಾಟ್ ಆಗಲು ಸಾಧ್ಯವಿಲ್ಲ ಅಂತಲ್ಲ, ಆದರೆ ಒಂದೇ ಕಡೆಯ ಊತ ದೊಡ್ಡ ಸುಳಿವು.

ಬಣ್ಣ ನೋಡಿ. ನಮ್ಮ ಮೈಬಣ್ಣದಲ್ಲಿ ಕೆಂಪು ಅಷ್ಟಾಗಿ ಕಾಣುವುದಿಲ್ಲ. ಅದಕ್ಕೆ ಕೈಯ ಹಿಂಭಾಗ ಇಟ್ಟು ಬಿಸಿ ನೋಡಿ. ಮಗುವಿನ ಹಣೆಗೆ ಕೈಯಿಟ್ಟು ಜ್ವರ ನೋಡುತ್ತೇವಲ್ಲ, ಹಾಗೆ. ಒಂದು ಕಾಲು ಇನ್ನೊಂದಕ್ಕಿಂತ ಬಿಸಿಯಾ? ಚರ್ಮ ಬಿಗಿದು ಹೊಳೆಯುತ್ತಿದೆಯಾ? ಎಚ್ಚರವಿರುವವರಾದರೆ ಮೀನಖಂಡ ನೋಯುತ್ತಿದೆಯಾ ಅಂತ ಕೇಳಿ. ಜೋರಾಗಿ ಹಿಸುಕಬೇಡಿ.

ಆಮೇಲೆ ಅಳತೆ. ಇದನ್ನು ನನಗೆ ಚೆನ್ನಾಗಿ ಕಲಿಸಿದವರು ಅರಕಲಗೂಡು ಕಡೆಯ ಒಬ್ಬ ಅಜ್ಜಿ. ಅವರ ಮಗನಿಗೆ ಫ್ಲೂ ನ್ಯುಮೋನಿಯಾ. ದಿನಾ ಅಳತೆ ನೋಡಿ ಅಂದಿದ್ದೆ. ಟೇಪ್ ಇಲ್ಲ ಅಂತ ಅವರು ಸುಮ್ಮನೆ ಕೂರಲಿಲ್ಲ. ಸೊಂಟದ ಚೀಲದಿಂದ ಹೂ ಕಟ್ಟುವ ದಾರ ತೆಗೆದರು. ಮಗನ ಎಡ ಮೀನಖಂಡಕ್ಕೆ ಸುತ್ತಿ, ಎರಡು ತುದಿ ಸೇರಿದ ಕಡೆ ಗುರುತಿಗೆ ದಾರದಲ್ಲಿ ಗಂಟು ಹಾಕಿದರು. ಬಲಗಾಲಿಗೆ ಬೇರೆ ದಾರ. ದಿನಾ ಸಂಜೆ ಅದೇ ಜಾಗಕ್ಕೆ ಸುತ್ತಿ ನೋಡುತ್ತಿದ್ದರು. ಆರನೇ ದಿನ ಎಡಗಾಲಿನ ದಾರ ಗಂಟಿನವರೆಗೆ ಬರಲಿಲ್ಲ, ಎರಡು ಬೆರಳು ಗ್ಯಾಪ್. "ನೋಡವ್ವ, ದಾರ ಸಾಲ್ತಾ ಇಲ್ಲ" ಅಂದರು. ಅವತ್ತೇ ನಾಳದಲ್ಲಿ ರಕ್ತದ ಓಟ ನೋಡುವ ಡಾಪ್ಲರ್ ಸ್ಕ್ಯಾನ್ ಆಯಿತು. ತೊಡೆಯ ನಾಳದಲ್ಲಿ ಗಡ್ಡೆ ಇತ್ತು. ಚಿಕಿತ್ಸೆ ಶುರುವಾಯಿತು, ಮಗ ನಡೆದುಕೊಂಡು ಮನೆಗೆ ಹೋದ.

ನೀವೂ ಹೀಗೆ ಮಾಡಿ. ಮಂಡಿಚಿಪ್ಪಿನ ಕೆಳಗೆ ಮೂಳೆಯ ಒಂದು ಉಬ್ಬು ಕೈಗೆ ಸಿಗುತ್ತದೆ. ಅಲ್ಲಿಂದ 10 ಸೆಂಟಿಮೀಟರ್ ಕೆಳಗೆ ಪೆನ್ನಿನಲ್ಲಿ ಗುರುತು ಹಾಕಿ. ಎರಡೂ ಕಾಲಿಗೆ ಅದೇ ಜಾಗದಲ್ಲಿ ಟೇಪ್ ಸುತ್ತಿ. ಬಿಗಿಯಬೇಡಿ, ಚರ್ಮಕ್ಕೆ ತಾಗಿದರೆ ಸಾಕು. ಎರಡು ಕಾಲಿನ ನಡುವೆ 3 ಸೆಂಟಿಮೀಟರಿಗಿಂತ ಜಾಸ್ತಿ ವ್ಯತ್ಯಾಸ ಇದ್ದರೆ ಡಾಕ್ಟರುಗಳೂ ಅದನ್ನು ಗಂಭೀರವಾಗಿ ತೆಗೆದುಕೊಳ್ಳುತ್ತಾರೆ. ಅಷ್ಟಿಲ್ಲದಿದ್ದರೂ ನಿನ್ನೆಗಿಂತ ಇವತ್ತು ಬದಲಾಗಿದ್ದರೆ ಹೇಳಿ.

ಕುತ್ತಿಗೆ ಅಥವಾ ಕೈಗೆ ಲೈನ್ ಹಾಕಿದ್ದರೆ ಆ ಕಡೆಯ ತೋಳನ್ನೂ ಹೀಗೇ ನೋಡಿ. ಬಳೆ, ಉಂಗುರ ಬಿಗಿಯಾಗಿದೆ ಅನ್ನಿಸಿದರೆ ಅದೂ ಸುಳಿವೇ.

ಡಿವಿಟಿ ಪಂಪ್ ಹಾಕಿದ್ದರೆ ಅದು ಆನ್ ಇದೆಯಾ ನೋಡಿ. ಕಾಲಿಗೆ ಸುತ್ತಿದ ಪಟ್ಟಿ ಗಾಳಿ ತುಂಬಿಕೊಂಡು ಬಿಗಿಯುತ್ತದೆ, ಬಿಡುತ್ತದೆ, ಮತ್ತೆ ಬಿಗಿಯುತ್ತದೆ. ಸಿಟಿ ಸ್ಕ್ಯಾನಿಗೆ ಕರೆದುಕೊಂಡು ಹೋಗಿ ಬಂದ ಮೇಲೆ ಪ್ಲಗ್ ಹಾಕುವುದು ಮರೆತುಹೋಗುವುದುಂಟು. ನಾವೂ ಮನುಷ್ಯರು, ಒಬ್ಬೊಬ್ಬರಿಗೆ ನಾಲ್ಕೈದು ಬೆಡ್. ನೆನಪಿಸಿದರೆ ಉಪಕಾರ. ಬಿಗಿ ಕಾಲುಚೀಲ ಹಾಕಿದ್ದರೆ ಮೇಲ್ತುದಿ ಸುರುಳಿ ಸುತ್ತಿಕೊಂಡಿದೆಯಾ ನೋಡಿ. ಸುರುಳಿಯಾದರೆ ಅದು ಹಗ್ಗ ಕಟ್ಟಿದ ಹಾಗೆ ರಕ್ತವನ್ನು ತಡೆಯುತ್ತದೆ. ಒಂದು ಕಾಲು ಈಗಾಗಲೇ ಊದಿದ್ದರೆ, ಪಂಪ್ ಆಗಲಿ ಕಾಲುಚೀಲ ಆಗಲಿ ನೀವಾಗಿಯೇ ಹಾಕಬೇಡಿ.

ಈಗ ಒತ್ತುವ ವಿಷಯ. ಕಾಲು ಒತ್ತುವುದು ನಮ್ಮಲ್ಲಿ ಸೇವೆ. ಮಗಳು ಬಂದರೆ ಮೊದಲು ಅಪ್ಪನ ಕಾಲ ಬಳಿ ಕೂತು ಒತ್ತುತ್ತಾಳೆ. ಸಮ ಇರುವ ಕಾಲಿಗೆ, ಸಿಸ್ಟರ್ ಸರಿ ಅಂದರೆ, ಮೆಲ್ಲಗೆ ಪಾದವನ್ನು ಮೇಲೆ ಕೆಳಗೆ ಆಡಿಸಿ. ಎಚ್ಚರ ಇರುವವರಾದರೆ ಗಂಟೆಗೆ ಹತ್ತು ಸಲ ಅವರೇ ಪಾದ ಆಡಿಸಲಿ, ಹೊಲಿಗೆ ಮಿಷನ್ ತುಳಿದ ಹಾಗೆ. ಆದರೆ ಒಂದೇ ಕಾಲು ಊದಿ ನೋಯುತ್ತಿದ್ದರೆ ಒತ್ತಲೇಬೇಡಿ, ಎಣ್ಣೆ ಹಚ್ಚಿ ನೀವಬೇಡಿ. ಗಡ್ಡೆ ಕಿತ್ತು ಮೇಲಕ್ಕೆ ಹೋಗುವ ಅಪಾಯ ಇದೆ.

ತಕ್ಷಣ ಕೂಗಿ ಕರೆಯಬೇಕಾದದ್ದು

ಇದ್ದಕ್ಕಿದ್ದಂತೆ ಉಸಿರು ಸಾಲದಿರುವುದು. ಉಸಿರು ಎಳೆದಾಗ ಎದೆಯಲ್ಲಿ ಚುಚ್ಚಿದ ಹಾಗಾಗುವುದು. ಕೆಮ್ಮಿದಾಗ ರಕ್ತ. ಎದ್ದು ಕೂತ ಕೂಡಲೇ ತಲೆ ಸುತ್ತಿ ಬೀಳುವುದು. ನಿನ್ನೆ ಕಡಿಮೆ ಆಕ್ಸಿಜನ್ನಿನಲ್ಲಿ ಚೆನ್ನಾಗಿದ್ದವರಿಗೆ ಇವತ್ತು ಏಕಾಏಕಿ ಜಾಸ್ತಿ ಬೇಕಾಗುವುದು, ನಾಡಿ ಓಡುವುದು. ವೆಂಟಿಲೇಟರ್ ಮೇಲಿರುವವರು ಬಾಯಿ ಬಿಟ್ಟು ಹೇಳಲಾರರು, ಅವರ ಪರವಾಗಿ ನಾವು ನೋಡುತ್ತೇವೆ. ಸಂಶಯ ಬಂದರೆ ಶ್ವಾಸಕೋಶದ ನಾಳಗಳಿಗೆ ಬಣ್ಣದ ಔಷಧ ಬಿಟ್ಟು ಸಿಟಿ ಸ್ಕ್ಯಾನ್ ಮಾಡುತ್ತಾರೆ.

ಬಾಯಿ ಒಂದು ಕಡೆ ಸೊಟ್ಟಗಾದರೆ, ಒಂದು ಕೈ ಏಳದಿದ್ದರೆ, ಮಾತು ತೊದಲಿದರೆ ಅದು ಮಿದುಳಿನ ಕಥೆ, ಸ್ಟ್ರೋಕ್ ಇರಬಹುದು. ಹೆಪ್ಪು ಕರಗಿಸುವ ಚಿಕಿತ್ಸೆಗೆ ಸಿಗುವ ಸಮಯ ಸುಮಾರು ನಾಲ್ಕೂವರೆ ಗಂಟೆ ಮಾತ್ರ. ಕೊನೆಯ ಸಲ ಚೆನ್ನಾಗಿದ್ದದ್ದನ್ನು ಯಾವಾಗ ನೋಡಿದಿರಿ ಅನ್ನುವುದನ್ನು ಡಾಕ್ಟರ್ ಮೊದಲು ಕೇಳುತ್ತಾರೆ.

ಎದೆನೋವು ಅಂದರೆ ಹೃದಯ ಅಂತಲೇ ಎಲ್ಲರ ತಲೆಯಲ್ಲಿ ಕೂತಿದೆ. 2025ರ ಜೂನ್, ಜುಲೈನಲ್ಲಿ ಹಾಸನದ ಹೃದಯಾಘಾತದ ಸುದ್ದಿ ಬಂದಾಗ ಮೈಸೂರಿನ ಜಯದೇವ ಆಸ್ಪತ್ರೆ ಮುಂದೆ ಜನ ಸಾಲು ನಿಂತದ್ದು ನೆನಪಿದೆ ಅಲ್ವಾ. ಹೃದಯದ ಭಯ ಸುಳ್ಳಲ್ಲ. ಫ್ಲೂ ದೃಢಪಟ್ಟ ಮೊದಲ 7 ದಿನದಲ್ಲಿ ಹೃದಯಾಘಾತದ ಸಾಧ್ಯತೆ ಸುಮಾರು ಆರು ಪಟ್ಟು ಇರುತ್ತದೆ ಅಂತ ಕೆನಡಾದ ಅಧ್ಯಯನವೊಂದು 2018ರಲ್ಲಿ ತೋರಿಸಿತು. ಆದರೆ ಇತ್ತೀಚೆಗೆ ಐಸಿಯುನಲ್ಲಿದ್ದು ಬಂದವರಿಗೆ ಎದೆನೋವು ಬಂದರೆ ಇಸಿಜಿ ಸರಿ ಇದೆ ಅಂದ ಮಾತ್ರಕ್ಕೆ ವಾಪಸ್ ಬರಬೇಡಿ. "ಐಸಿಯುನಲ್ಲಿ ಇಷ್ಟು ದಿನ ಇದ್ದರು, ಶ್ವಾಸಕೋಶದಲ್ಲಿ ಕ್ಲಾಟ್ ಇರಬಹುದಾ?" ಅಂತ ಕೇಳಿ.

ಡಿ-ಡೈಮರ್ ಹಿಂದೆ ಓಡಬೇಡಿ

ಗಡ್ಡೆ ಒಡೆದಾಗ ರಕ್ತದಲ್ಲಿ ಸಿಗುವ ಚೂರು ಡಿ-ಡೈಮರ್. ಕ್ಲಾಟ್ ಇದ್ದರೆ ಏರುತ್ತದೆ. ಸೋಂಕು, ವಯಸ್ಸು, ಗರ್ಭ, ಆಪರೇಷನ್, ಇವುಗಳಲ್ಲೂ ಏರುತ್ತದೆ. ಐಸಿಯುನಲ್ಲಿ ಇರುವ ಬಹುತೇಕರಲ್ಲಿ ಅದು ಜಾಸ್ತಿಯೇ. ಸಂಖ್ಯೆ ಒಂದನ್ನೇ ನೋಡಿ ಕ್ಲಾಟ್ ಇದೆ ಅನ್ನಲು ಬರುವುದಿಲ್ಲ. ಇನ್ನೊಂದು ಗೊಂದಲ: ಒಂದು ಲ್ಯಾಬಿನಲ್ಲಿ ಮಿತಿ 0.5 ಅಂತ, ಇನ್ನೊಂದರಲ್ಲಿ 500 ಅಂತ ಇರುತ್ತದೆ. ಸಾಮಾನ್ಯವಾಗಿ ಎರಡೂ ಒಂದೇ, ಅಳತೆಯ ಯೂನಿಟ್ ಬೇರೆ. ನಿನ್ನೆ 0.8 ಇತ್ತು, ಇವತ್ತು 800 ಆಯಿತು ಅಂತ ಅಳುತ್ತಾ ಬಂದವರನ್ನು ಸಮಾಧಾನ ಮಾಡಿದ್ದೇನೆ.

ಬೇರೆ ಆಸ್ಪತ್ರೆಗೆ ಸಾಗಿಸುವಾಗ

ನಮ್ಮ ಕಡೆ ಕೇಸ್ ಕೈಮೀರಿದರೆ ಮಂಗಳೂರು, ಮಣಿಪಾಲ, ಮೈಸೂರು, ಬೆಂಗಳೂರು. ಮಂಗಳೂರು, ಮಣಿಪಾಲಕ್ಕಾದರೆ ಚಾರ್ಮಾಡಿಯೋ ಶಿರಾಡಿಯೋ ಘಾಟಿ ಇಳಿಯಬೇಕು. ಮಳೆಗಾಲದಲ್ಲಿ ಗುಡ್ಡ ಕುಸಿದರೆ ಎಷ್ಟು ಹೊತ್ತಾಗುತ್ತದೋ ಹೇಳಲಾಗುವುದಿಲ್ಲ. ಆಂಬುಲೆನ್ಸ್ ಹತ್ತುವ ಮೊದಲು ಒಂದು ಚೀಟಿಯಲ್ಲಿ ಇಷ್ಟು ಬರೆಸಿಕೊಳ್ಳಿ: ಹೊಟ್ಟೆಗೆ ಕೊಡುವ ಇಂಜೆಕ್ಷನ್ ಹೆಸರು, ಡೋಸ್, ಕೊನೆಯ ಸಲ ಕೊಟ್ಟ ತಾರೀಖು ಮತ್ತು ಗಂಟೆ, ಕೊನೆಯ ಪ್ಲೇಟ್‌ಲೆಟ್ ಮತ್ತು ಕ್ರಿಯಾಟಿನಿನ್ (ಕಿಡ್ನಿಯ ರಕ್ತಪರೀಕ್ಷೆ).

ಈ ಚೀಟಿ ಇಲ್ಲದಿದ್ದರೆ ಅಲ್ಲಿನವರಿಗೆ ಕಷ್ಟ. ಕೊಟ್ಟಿದ್ದಾರೆ ಅಂದುಕೊಂಡು ಒಂದು ಡೋಸ್ ತಪ್ಪಬಹುದು, ಕೊಟ್ಟಿಲ್ಲ ಅಂದುಕೊಂಡು ಎರಡು ಬೀಳಬಹುದು. ರೆಫರಲ್ ಲೆಟರಿನಲ್ಲಿ ಎಲ್ಲ ಇರುತ್ತದೆ ಅಂತ ನಂಬಬೇಡಿ. ಅವಸರದಲ್ಲಿ ಬರೆಯುವಾಗ ಗಂಟೆ ಬಿಟ್ಟುಹೋಗುತ್ತದೆ.

ಮನೆಗೆ ಬಂದ ಮೇಲೆ

ಅಪಾಯ ಐಸಿಯು ಬಾಗಿಲಿಗೆ ಮುಗಿಯುವುದಿಲ್ಲ. ಮುಂದಿನ ಕೆಲವು ವಾರ ಇರುತ್ತದೆ. ನಮ್ಮ ಮನೆಯಲ್ಲಿ ಆದದ್ದು ಇಲ್ಲೇ.

ನಮ್ಮ ಸೋದರಮಾವ ಆಲ್ದೂರು ಕಡೆಯ ಒಂದು ತೋಟದಲ್ಲಿ ಲೆಕ್ಕ ಬರೆಯುವ ರೈಟರ್ ಆಗಿದ್ದವರು. ಎರಡು ವರ್ಷದ ಹಿಂದೆ ಆಗಸ್ಟ್‌ನಲ್ಲಿ ಫ್ಲೂ ಬಂದು ನ್ಯುಮೋನಿಯಾ ಆಯಿತು. ಒಂದು ಆಸ್ಪತ್ರೆಯಲ್ಲಿ ಒಂಬತ್ತು ದಿನ ಐಸಿಯು, ಅದರಲ್ಲಿ ನಾಲ್ಕು ದಿನ ವೆಂಟಿಲೇಟರ್. ಬದುಕಿ ಬಂದರಲ್ಲ ಅಂತ ಎಲ್ಲರಿಗೂ ಸಂತೋಷ. ಹೊರಗೆ ಜಡಿಮಳೆ. ಅತ್ತೆ ಅವರನ್ನು ಕಂಬಳಿ ಹೊದಿಸಿ ಮಲಗಿಸಿದರು. ಊಟ, ಕಾಫಿ ಎಲ್ಲ ಮಂಚಕ್ಕೇ. ನಾನು ಫೋನ್ ಮಾಡಿದಾಗೆಲ್ಲ "ಚೆನ್ನಾಗಿದಾರೆ ಕಣೆ, ಊಟ ಮಾಡ್ತಿದಾರೆ" ಅನ್ನುತ್ತಿದ್ದರು. ಕಾಲು ಹೇಗಿದೆ ಅಂತ ನಾನು ಕೇಳಲಿಲ್ಲ. ಊರಿನವರಿಗೆಲ್ಲ ಹೇಳುವ ನಾನು ನಮ್ಮ ಮನೆಯವರಿಗೆ ಕೇಳಲಿಲ್ಲ. ಆ ನೋವು ಇವತ್ತಿಗೂ ಇದೆ.

ಮನೆಗೆ ಬಂದ ಹನ್ನೊಂದನೇ ದಿನ ಎಡಗಾಲು ಊದಿತು. ಮಲಗಿ ಮಲಗಿ ನೀರಿಳಿದಿದೆ ಅಂದುಕೊಂಡರು. ಕೊಬ್ಬರಿ ಎಣ್ಣೆ ಬಿಸಿ ಮಾಡಿ ಎರಡು ಸಂಜೆ ನೀವಿದರು. ಮೂರನೇ ಬೆಳಿಗ್ಗೆ ಬಚ್ಚಲುಮನೆಯ ಎರಡು ಮೆಟ್ಟಿಲು ಹತ್ತುವಾಗ ಏದುಸಿರು ಬಂದು ಬಾಗಿಲಲ್ಲೇ ಕುಸಿದರು. ತೋಟದ ಜೀಪಿನಲ್ಲಿ ಹಾಕಿಕೊಂಡು ಓಡಿದರು. ಶ್ವಾಸಕೋಶದ ಎರಡೂ ಕಡೆ ಕ್ಲಾಟ್. ಅವರ ಪುಣ್ಯ, ಉಳಿದರು. ಆಮೇಲೆ ಡಿಸ್ಚಾರ್ಜ್ ಸಮ್ಮರಿ ತೆಗೆದು ನೋಡಿದೆ. ಕಾಲು ಊದಿದರೆ ತಕ್ಷಣ ಬನ್ನಿ ಅಂತ ಕೊನೆಯ ಪುಟದಲ್ಲಿ ಇಂಗ್ಲಿಷಿನಲ್ಲಿ ಒಂದು ಸಾಲು ಇತ್ತು. ಅದನ್ನು ಯಾರೂ ಅತ್ತೆಗೆ ಓದಿ ಹೇಳಿರಲಿಲ್ಲ.

ಹಾಗಾಗಿ ಡಿಸ್ಚಾರ್ಜ್ ದಿನ ಬಿಲ್ ಕಟ್ಟುವ ಗಡಿಬಿಡಿಯಲ್ಲೂ ಹತ್ತು ನಿಮಿಷ ಕೂತು ಸಮ್ಮರಿಯನ್ನು ಕನ್ನಡದಲ್ಲಿ ಹೇಳಿಸಿಕೊಳ್ಳಿ. ರಕ್ತ ತೆಳು ಮಾಡುವ ಔಷಧ ಮುಂದುವರಿಸಬೇಕಾ, ಎಷ್ಟು ದಿನ ಅಂತ ಕೇಳಿ. ಎಲ್ಲರಿಗೂ ಬೇಕಾಗುವುದಿಲ್ಲ. ಡಾಪ್ಲರ್ ಮತ್ತು ಸಿಟಿ ಸ್ಕ್ಯಾನ್ ನಿಮ್ಮ ಊರಿಗೆ ಹತ್ತಿರ ಎಲ್ಲಿದೆ ಅಂತಲೂ ಅವತ್ತೇ ತಿಳಿದುಕೊಳ್ಳಿ. ತೋಟದ ಕಡೆ ನೆಟ್‌ವರ್ಕ್ ಸಿಗದಿದ್ದರೆ ಯಾವ ಜಾಗದಲ್ಲಿ ನಿಂತರೆ 108ಕ್ಕೆ ಕಾಲ್ ಹೋಗುತ್ತದೆ ಅನ್ನುವುದು ಮನೆಯ ಎಲ್ಲರಿಗೂ ಗೊತ್ತಿರಲಿ.

ಮನೆಗೆ ಬರುವ ದಾರಿ ದೂರವಾದರೆ ಗಂಟೆ, ಒಂದೂವರೆ ಗಂಟೆಗೊಮ್ಮೆ ಗಾಡಿ ನಿಲ್ಲಿಸಿ ನಾಲ್ಕು ಹೆಜ್ಜೆ ನಡೆಸಿ. ಮನೆಯಲ್ಲಿ "ಏಳಬೇಡಿ, ಮಲಗಿ" ಅನ್ನುವ ಪ್ರೀತಿಯನ್ನು ಸ್ವಲ್ಪ ಬದಿಗಿಡಿ. ಡಾಕ್ಟರ್ ಬೇಡ ಅನ್ನದಿದ್ದರೆ ಹಗಲಲ್ಲಿ ಗಂಟೆಗೊಮ್ಮೆ ಎಬ್ಬಿಸಿ, ಜಗುಲಿಯ ಈ ತುದಿಯಿಂದ ಆ ತುದಿಗೆ ಕೈಹಿಡಿದು ನಡೆಸಿ. ನೀರು ಕುಡಿಸಿ. ಸಂಜೆ ಕಾಲು ನೋಡಿ, ಅಳತೆ ಬರೆಯಿರಿ. ಒಂದು ಕಾಲು ಊದಿದರೆ ಬೆಳಿಗ್ಗೆಯವರೆಗೆ ಕಾಯಬೇಡಿ. ಬೈಕಿನಲ್ಲಿ ಕೂರಿಸಿಕೊಂಡು ಹೋಗಬೇಡಿ.

ಕ್ಲಾಟ್ ಆಗಿ ಮಾತ್ರೆ ಶುರುವಾಗಿದ್ದರೆ ಕಡಿಮೆ ಅಂದರೂ ಮೂರು ತಿಂಗಳು. ಊತ ಇಳಿಯಿತು ಅಂತ ನಿಲ್ಲಿಸಬೇಡಿ. ವಾರ್ಫರಿನ್ ಆದರೆ ಐಎನ್ಆರ್ (ರಕ್ತ ಎಷ್ಟು ನಿಧಾನವಾಗಿ ಹೆಪ್ಪುಗಟ್ಟುತ್ತದೆ ಎಂಬ ಲೆಕ್ಕ) ಪರೀಕ್ಷೆ ಮಾಡಿಸುತ್ತಿರಬೇಕು. ಬಹುತೇಕರಿಗೆ 2ರಿಂದ 3ರ ನಡುವೆ ಇರಬೇಕು. ಸೊಪ್ಪಿನಲ್ಲಿರುವ ವಿಟಮಿನ್ ಕೆ ಈ ಮಾತ್ರೆಯ ಕೆಲಸವನ್ನು ಕಡಿಮೆ ಮಾಡುತ್ತದೆ. ಸೊಪ್ಪು ಬಿಡಬೇಕಾಗಿಲ್ಲ. ಒಂದು ವಾರ ದಿನಾ ಸೊಪ್ಪಿನ ಬಸ್ಸಾರು, ಇನ್ನೊಂದು ವಾರ ಏನೂ ಇಲ್ಲ ಅನ್ನುವ ಹಾಗೆ ಮಾಡಬೇಡಿ, ಒಂದೇ ಸಮ ಇರಲಿ. ರಿವಾರೋಕ್ಸಬಾನ್, ಅಪಿಕ್ಸಬಾನ್ ಮಾತ್ರೆಗಳಿಗೆ ಈ ಸೊಪ್ಪಿನ ಲೆಕ್ಕ ಇಲ್ಲ, ಆದರೆ ಒಂದು ಹೊತ್ತೂ ತಪ್ಪಬಾರದು. ಮಂಡಿನೋವಿಗೆ ಅಂತ ಡೈಕ್ಲೋಫೆನಾಕ್, ಐಬುಪ್ರೊಫೇನ್ ತಂದು ನುಂಗಬೇಡಿ. ಕಷಾಯ, ನಾಟಿ ಔಷಧಿ ಕೊಡುತ್ತಿದ್ದರೆ ಮುಚ್ಚಿಡದೆ ಡಾಕ್ಟರಿಗೆ ಹೇಳಿ. ಮಲ ಟಾರಿನ ಹಾಗೆ ಕಪ್ಪಾದರೆ, ಮೂತ್ರ ಕೆಂಪಾದರೆ, ವಸಡಿನ ರಕ್ತ ನಿಲ್ಲದಿದ್ದರೆ, ಜಾರಿಬಿದ್ದು ತಲೆಗೆ ಏಟಾದರೆ ಹೊರಗೆ ಗಾಯ ಕಾಣದಿದ್ದರೂ ಆಸ್ಪತ್ರೆಗೆ ಹೋಗಿ.

ವಯಸ್ಸಾದವರಿಗೆ, ಶುಗರ್, ಹೃದಯ, ಶ್ವಾಸಕೋಶದ ಕಾಯಿಲೆ ಇರುವವರಿಗೆ ಮಳೆಗಾಲಕ್ಕೆ ಮೊದಲೇ ಫ್ಲೂ ಲಸಿಕೆ ಹಾಕಿಸುವ ಬಗ್ಗೆ ಡಾಕ್ಟರನ್ನು ಕೇಳಿ. ಪ್ರತಿ ವರ್ಷ ಹಾಕಿಸಬೇಕು.

ಒಮ್ಮೆ ಕ್ಲಾಟ್ ಆದವರು ಮುಂದೆ ಹಲ್ಲು ಕೀಳಿಸುವಾಗ, ಆಪರೇಷನ್ನಿಗೆ, ಇನ್ನೊಂದು ಜ್ವರಕ್ಕೆ ಅಡ್ಮಿಟ್ ಆದಾಗ ಅದನ್ನು ಮೊದಲು ಹೇಳಬೇಕು. ನಮ್ಮ ಅತ್ತೆ, ಮಾವನ ಡಿಸ್ಚಾರ್ಜ್ ಸಮ್ಮರಿಯನ್ನು ಈಗ ರೇಷನ್ ಕಾರ್ಡಿನ ಕವರಿನಲ್ಲೇ ಇಟ್ಟಿದ್ದಾರೆ. ಮೇಲೆ ಕೆಂಪು ಪೆನ್ನಿನಲ್ಲಿ ಅವರೇ ಕನ್ನಡದಲ್ಲಿ ಬರೆದಿದ್ದಾರೆ: "ಎಡಗಾಲು, ಶ್ವಾಸಕೋಶ, ಕ್ಲಾಟ್ ಆಗಿತ್ತು." ಪಕ್ಕದ ಮೊಳೆಯಲ್ಲಿ ಅಳತೆಯ ಟೇಪ್ ತೂಗುಹಾಕಿದೆ.